ಬೆಳ್ಳಿಯ ಕೆಳಗಿನ ಹೆಸರು

3 ಏಪ್ರಿಲ್ 2012, ಮಂಗಳವಾರ

ಇಂದು ಏಕಾದಶಿ. ಬೆಳಿಗ್ಗೆ ಒಂದು ಲೋಟ ಕರಿ ಚಾ, ಮಧ್ಯಾಹ್ನಕ್ಕೆ ಎರಡು ಬಾಳೆಹಣ್ಣು, ಅಷ್ಟೇ. ಅಂಗಳ ಗುಡಿಸಿದೆ, ತುಳಸಿಗೆ ನೀರೆರೆದೆ, ಬಾವಿಕಟ್ಟೆ ತೊಳೆದೆ. ನಿನ್ನೆಯ ಸೀಗಡಿ ಸರಿ ಒಣಗಿರಲಿಲ್ಲ, ಮತ್ತೆ ಬಿಸಿಲಿಗೆ ಹರವಿ ಕಾಗೆ ಬಾರದಂತೆ ಹಳೆ ಬಲೆ ಮುಚ್ಚಿದೆ. ಕೈ ಕೆಲಸ ಮಾಡುತ್ತಿತ್ತು. ಮನಸ್ಸು ಮಾತ್ರ ದೇವರ ಕೋಣೆಯಲ್ಲಿಟ್ಟ ಆ ಕಾಗದದ ಹತ್ತಿರವೇ ಇತ್ತು.

ಮಗಳ ಕಾಲೇಜಿನ ಪುಸ್ತಕವೊಂದು ಅರ್ಧ ಖಾಲಿ ಉಳಿದಿತ್ತು. ಅದರಲ್ಲಿ ಬರೆಯುತ್ತಿದ್ದೇನೆ. ನಾನು ಓದಿದ್ದು ಏಳನೇ ಕ್ಲಾಸು, ತಪ್ಪಾದರೂ ನೋಡುವವರಿಲ್ಲ. ಯಾರಲ್ಲೂ ಹೇಳಲಾಗದ್ದನ್ನು ಎಲ್ಲಾದರೂ ಇಳಿಸಬೇಕಲ್ಲ.

ನಿನ್ನೆ ಮುಂಬಯಿಯಿಂದ ಪ್ರೇಮಣ್ಣ ಬಂದ. ನನ್ನ ದೊಡ್ಡಮ್ಮನ ಮಗ ಪ್ರೇಮಾನಂದ, ಅಲ್ಲಿ ಕ್ಯಾಂಟೀನು ನಡೆಸುವುದು. ನಮ್ಮ ನಾಗಬನಕ್ಕೆ ಹೊಸ ಕಲ್ಲು ಕೂರಿಸುವ ಕೆಲಸ ಅವನೇ ವಹಿಸಿಕೊಂಡದ್ದು. ಮೇ ಹದಿಮೂರಕ್ಕೆ ಪ್ರತಿಷ್ಠೆ. ಆ ದಿನ ಮೂಲದ ಅಜ್ಜಿಯಿಂದ ಹಿಡಿದು ಈಗಿನ ಮಕ್ಕಳವರೆಗೆ ಎಲ್ಲರ ಹೆಸರನ್ನೂ ಕಲ್ಲಿನ ಮುಂದೆ ಓದಬೇಕಂತೆ. ನಮ್ಮಲ್ಲಿ ಮನೆ, ಬಳಿ ಎನ್ನುವ ಕುಲ, ನಾಗ ಎಲ್ಲ ತಾಯಿಯಿಂದ ಮಗಳಿಗೆ ಇಳಿಯುವುದು. ನಾನು ಹಂಗಾರಕಟ್ಟೆಯ ಈ ಮನೆಯಲ್ಲಿ ಇರುವುದೂ ಅಮ್ಮನ ಪಾಲಿನಿಂದಲೇ.

ಅಷ್ಟೇ ಆಗಿದ್ದರೆ ಹೆದರಿಕೆ ಇರಲಿಲ್ಲ. ಹೋದ ತಿಂಗಳು ಪ್ರಶ್ನೆ ಇಡಿಸಿದಾಗ ಜೋಯಿಸರು ಹೇಳಿದರಂತೆ, ಈ ಮನೆತನದ ಒಂದು ಹೆಣ್ಣು ಕೂಸು ಯಾರಿಗೂ ಬೇಡವಾಗಿ ಬಿದ್ದಿದೆ, ಅದನ್ನು ನಾಗನ ಮುಂದೆ ಹೇಳಿಕೊಳ್ಳುವ ತನಕ ಇಲ್ಲಿ ತೊಟ್ಟಿಲು ತೂಗುವುದು ಕಷ್ಟ ಎಂದು. ತೊಟ್ಟಿಲು ಎನ್ನುವಾಗ ಪ್ರೇಮಣ್ಣನ ಕಣ್ಣು ಒಳಗೆ ಮಲಗಿದ್ದ ಮೋಕ್ಷಿತಾಳ ಕಡೆ ಹೋಯಿತು. ಎರಡು ಸಲ ಮೂರನೇ ತಿಂಗಳಲ್ಲೇ ಹೋಗಿದೆ ನನ್ನ ಮಗಳಿಗೆ. ಈಗ ಐದು ನಡೆಯುತ್ತಿದೆ. ವಿಶ್ರಾಂತಿ ಬೇಕೆಂದು ಇಲ್ಲೇ ಕರೆತಂದಿದ್ದೇನೆ.

ಪ್ರೇಮಣ್ಣ ದೊಡ್ಡ ಡ್ರಾಯಿಂಗ್ ಕಾಗದ ಬಿಚ್ಚಿದ. ಚೌಕ ಚೌಕ ಗೆರೆ ಎಳೆದು ಹೆಸರು ತುಂಬಿಸಿದ್ದಾನೆ. ನಮ್ಮ ಅಜ್ಜಿ ಬೆಳ್ಳಿಯ ಕೆಳಗೆ ಎರಡು ಚೌಕ. ಒಂದರಲ್ಲಿ ಅವನ ತಾಯಿ ಗುಲಾಬಿ, ಇನ್ನೊಂದರಲ್ಲಿ ನನ್ನ ಅಮ್ಮ ಚಂದು.

"ಹಳೇದ್ ಗೊತ್ತಿಪ್ಪುದ್ ಈಗ ನಿಂಗೊಬ್ಳಿಗೇ ಸರೋಜಾ. ಯಾವ್ ಹೆಣ್ಣ್, ಎಲ್ಲಿ ಸತ್ತದ್, ನೆನ್ಪ್ ಮಾಡಿ ಇದ್ರಂಗೆ ಬರ್ದ್ ಕೊಡ್" ಎಂದ.

ನೋಡುತ್ತೇನೆ ಎಂದೆ. ನೋಡಲು ಏನಿದೆ, ನನಗೆ ಗೊತ್ತಿದೆ. ಮೂರು ವರ್ಷದ ಹಿಂದೆ, ಸಾಯುವುದಕ್ಕೆ ಹತ್ತು ದಿನ ಇರುವಾಗ ಅಮ್ಮ ನನ್ನ ಕೈ ಹಿಡಿದು ಹೇಳಿದ ಮಾತು ಇದು: "ನಾನ್ ಬೆಳ್ಳಿ ಅಬ್ಬಿ ಹೆತ್ತದ್ದಲ್ಲ ಹೆಣ್ಣೇ. ಅವ್ರ್ ಹೆತ್ತ ಚಂದು ಕೆರಾಡಿಯಂಗೆ ಮಣ್ಣಾಯ್ತ್. ಅದ್ರ ಬದ್ಲಿಗೆ ನನ್ನ ತಂದ್ರ್, ಮೇಲ್ಬೆಟ್ಟು ಮನೆಯಿಂದ." ಯಾರಲ್ಲೂ ಹೇಳಬೇಡ ಎಂದೂ ಹೇಳಿದಳು.

ಆ ಸತ್ತ ಚಂದುವಿನ ಹೆಸರು ಬರೆದರೆ ನನ್ನ ಅಮ್ಮ ಯಾರು ಎಂದು ಕೇಳುತ್ತಾರೆ. ಅಮ್ಮ ಈ ಬಳಿಯವಳಲ್ಲ ಎಂದಾದರೆ ನಾನೂ ಅಲ್ಲ, ಮೋಕ್ಷಿಯೂ ಅಲ್ಲ. ಮನೆಯೂ ಇಲ್ಲ, ನಾಗನೂ ಇಲ್ಲ. ಬರೆಯದಿದ್ದರೆ ಜೋಯಿಸರ ಮಾತು ಮಗಳ ಹೊಟ್ಟೆಯ ಮೇಲೆ ಇದೆ.

ದೇವರೇ, ಇವತ್ತು ಉಪವಾಸ ಮಾಡಿದ್ದೇನೆ. ಅಷ್ಟನ್ನಾದರೂ ನೋಡು.

6 ಏಪ್ರಿಲ್, ಶುಕ್ರವಾರ

ಮೋಕ್ಷಿಗೆ ಬೆಳಿಗ್ಗೆ ಕೆಳಹೊಟ್ಟೆ ನೋವು. ರಿಕ್ಷಾ ಮಾಡಿಸಿ ಬ್ರಹ್ಮಾವರಕ್ಕೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಪರೀಕ್ಷೆ ಮಾಡಿ ಏನೂ ಇಲ್ಲ, ಗ್ಯಾಸು ಎಂದರು. ನಾನು ಮತ್ತೆ ಕೇಳಿದೆ. ಏನೂ ಇಲ್ಲ ಎಂದು ಮತ್ತೆ ಹೇಳಿದರು.

ಕಾಗದ ಬಂದ ನಾಲ್ಕನೇ ದಿನಕ್ಕೆ ನೋವು. ಗ್ಯಾಸು ಎಂದು ನಾನು ಹೇಗೆ ನಂಬಲಿ.

11 ಏಪ್ರಿಲ್, ಬುಧವಾರ

ಪಂಚಮಿ. ಇಪ್ಪತ್ತು ವರ್ಷದಿಂದ ಪಂಚಮಿಗೆ ಬನದ ಕಲ್ಲಿಗೆ ಹಾಲೆರೆಯುವುದು ನಾನೇ, ನನಗಿಂತ ಮೊದಲು ಅಮ್ಮ. ಇವತ್ತು ತಂಬಿಗೆ ಹಿಡಿದುಕೊಂಡು ಹೋಗಿ ಬನದ ಹೊರಗೆ ನಿಂತೆ. ಒಳಗೆ ಕಾಲಿಡಲು ಆಗಲಿಲ್ಲ. ಬಳಿಯವಳಲ್ಲದವಳು ಇಷ್ಟು ವರ್ಷ ಎರೆದ ಹಾಲು ಯಾರಿಗೆ ಹೋಯಿತು? ಮುಟ್ಟಬಾರದ ಕೈ ಮುಟ್ಟಿದ್ದಕ್ಕೇ ನನ್ನ ಮಗಳಿಗೆ ಎರಡು ಸಲ ಹಾಗಾಯಿತೋ ಏನೋ. ಹಾಲನ್ನು ತೆಂಗಿನ ಬುಡಕ್ಕೆ ಚೆಲ್ಲಿ ಬಂದೆ. ಚೆಲ್ಲಿದ್ದು ಇನ್ನೊಂದು ತಪ್ಪಾಯಿತು ಎಂದು ಆಮೇಲೆ ಹೊಳೆಯಿತು.

ಬಂದು ನೋಡಿದರೆ ಬಚ್ಚಲಿನ ಕಟ್ಟಿಗೆ ರಾಶಿಯಲ್ಲಿ ಹಾವಿನ ಪೊರೆ. ಮೊಳಕ್ಕಿಂತ ಉದ್ದ, ತಲೆಯ ಕಡೆ ಕಣ್ಣಿನ ಗುರುತು ಸಹ ಇತ್ತು. ಮೋಕ್ಷಿಗೆ ಕಾಣಿಸದ ಹಾಗೆ ಬಾಳೆ ಎಲೆಯಲ್ಲಿ ಸುತ್ತಿ ಬನದ ಬೇಲಿಯ ಹತ್ತಿರ ಇಟ್ಟೆ.

ನೆರೆಮನೆಯ ಜಲಜ ಬ್ರಹ್ಮಾವರ ಪೇಟೆಯಲ್ಲಿ ಮೀನು ಮಾರಿ ಬರುವ ದಾರಿಯಲ್ಲಿ ಹಣಕಿದಳು. "ಎಂತ ಸರೋಜಕ್ಕ, ಮೋರೆ ಒಣ್ಗ್ಸಿದ್ ಬಂಗ್ಡಿ ಕಣೆಗೆ ಆಯ್ತ್. ಬಸ್ರಿ ಮಗ್ಳಾ ನೀನಾ?" ಎಂದಳು. ನಗಲು ನೋಡಿದೆ. ಅವಳು ಹೋದ ಮೇಲೆ ಬಾಗಿಲು ಹಾಕಿಕೊಂಡು ಕೂತೆ.

ಕೆರಾಡಿಗೆ ಹೋಗಬೇಕು. ಆ ಕೂಸು ಎಲ್ಲಿದೆ, ಹೇಗೆ ಸತ್ತಿತು ಎಂದು ತಿಳಿದರೆ ಸಾಕು, ಯಾರಿಗೂ ಗೊತ್ತಾಗದ ಹಾಗೆ ಅಲ್ಲೇ ಏನಾದರೂ ಶಾಂತಿ ಮಾಡಿಸಬಹುದು.

19 ಏಪ್ರಿಲ್, ಗುರುವಾರ

ಹೋಗಿ ಬಂದೆ. ಏನೂ ಬಿಟ್ಟುಹೋಗದ ಹಾಗೆ ಬರೆಯುತ್ತೇನೆ.

ಹರಕೆ ತೀರಿಸಲು ಹೋಗುತ್ತೇನೆ ಎಂದು ಮೋಕ್ಷಿಗೆ ಸುಳ್ಳು ಹೇಳಿದೆ. ಜಲಜನನ್ನು ಅವಳ ಹತ್ತಿರ ಇರಿಸಿ ಬೆಳಗಿನ ಬಸ್ಸಿಗೆ ಕುಂದಾಪುರ, ಅಲ್ಲಿಂದ ಕೆರಾಡಿ. ಕೈ ಬೀಸಿಕೊಂಡು ಹೋಗಬಾರದು ಎಂದು ಒಣಸೀಗಡಿಯ ಒಂದು ಕಟ್ಟು ಹಿಡಿದಿದ್ದೆ. ಬಸ್ಸಿಳಿದು ಮೇಲ್ಬೆಟ್ಟು ಮನೆ ಕೇಳಿದರೆ ಎಲ್ಲರಿಗೂ ಗೊತ್ತು. ಕಾಡಿನ ಅಂಚಿನಲ್ಲಿ ಅರ್ಧ ಗಂಟೆ ನಡೆದೆ. ತರಗೆಲೆ ಸದ್ದಾದರೆ ನಿಲ್ಲುವುದು, ಮತ್ತೆ ನಡೆಯುವುದು. ಎರಡು ಸಲ ತಿರುಗಿ ಹೋಗೋಣ ಎನ್ನಿಸಿತು.

ಗದ್ದೆ ತೋಟ ಇರುವ ದೊಡ್ಡ ಮನೆ. ಅಂಗಳದಲ್ಲಿ ಚಪ್ಪರದ ಕಂಬ ನೆಡುತ್ತಿದ್ದರು, ಮೊಮ್ಮಗಳು ಅನಿಷಾಳ ಮದುವೆಯಂತೆ. ಜಗುಲಿಯಲ್ಲಿ ಒಬ್ಬರು ಮುದುಕಿ ಉಪ್ಪಿನಕಾಯಿಯ ಮಾವಿನ ಮಿಡಿ ಆರಿಸುತ್ತಿದ್ದರು. ಅವರೇ ಅಮ್ಮಣ್ಣಿ ಅಮ್ಮ, ವಯಸ್ಸು ಎಂಬತ್ತಾರು. ಮಿಡಿ ಮಾರುತ್ತೀರಾ ಎಂದು ಕೇಳುವುದೆಂದು ದಾರಿಯಲ್ಲಿ ಬಾಯಿಪಾಠ ಮಾಡಿದ್ದೆ. ಅವರು ನನ್ನ ಕೈಯ ಕಟ್ಟು ನೋಡಿದರು, ವಾಸನೆ ಹಿಡಿದರು, ಮುಖ ನೋಡಿದರು. ಮಜ್ಜಿಗೆ ತಾ ಎಂದು ಸೊಸೆಯನ್ನು ಒಳಗೆ ಕಳಿಸಿದರು. ಆಮೇಲೆ ಕೇಳಿದರು:

"ಬೆಳ್ಳಿ ಮನೆಯವ್ಳಾ ನೀನ್?"

ಮೆಟ್ಟಿಲ ಮೇಲೆ ಕೂತುಬಿಟ್ಟೆ. ಚಂದುವಿನ ಮಗಳು ಎಂದೆ.

"ಅದ್ ಇತ್ತಾ?"

"ಇಲ್ಲೆ ಅಮ್ಮ. ಹೋಯಿ ಮೂರ್ ವರ್ಷ ಆಯ್ತ್."

"ಎಷ್ಟ್ ಮಕ್ಳ್ ಅದ್ಕೆ?"

ನಾಲ್ಕು ಹೆತ್ತದ್ದು, ಉಳಿದದ್ದು ನಾನೊಬ್ಬಳು ಎಂದೆ. ಅವರು ಒಂದು ಮಿಡಿಯ ತೊಟ್ಟು ಮುರಿದರು.

ಆಮೇಲೆ ಹೇಳಿದ್ದು ಇಷ್ಟು. ಅವರ ಅಕ್ಕನಿಗೆ ಹೆಣ್ಣು ಹುಟ್ಟಿದ ದಿನವೇ ಅಕ್ಕನ ಗಂಡ ಮರದಿಂದ ಬಿದ್ದು ಸತ್ತ. ಕೂಸಿನ ಕಾಲ್ಗುಣ ಎಂದರು. ಮನೆಯ ಹಿರಿಯರು ಅದರ ಮುಖ ನೋಡುತ್ತಿರಲಿಲ್ಲ, ಹೆಸರು ಇಡಲಿಲ್ಲ. ಬಾಣಂತಿ ಕೋಣೆಗೆ ಬೆಂಕಿ ಸಹ ಸರಿಯಾಗಿ ಕೊಡುತ್ತಿರಲಿಲ್ಲ. ಇದನ್ನು ಬದುಕಲು ಬಿಡುವುದಿಲ್ಲ ಎಂದು ಅಕ್ಕನಿಗೆ ಗೊತ್ತಾಗಿತ್ತು. ಕೂಸಿಗೆ ಎರಡು ತಿಂಗಳಾಗಿರುವಾಗ ನಮ್ಮ ಬೆಳ್ಳಿ ಅಜ್ಜಿ ಒಣಮೀನು ಹೊತ್ತುಕೊಂಡು ಬಂದಳು. ಮಳೆ ಹಿಡಿಯುವ ಮೊದಲು ಒಳನಾಡು ಸುತ್ತಿ ಮೀನಿಗೆ ಭತ್ತ ಮಾಡಿಕೊಂಡು ಹೋಗುತ್ತಿದ್ದ ಕಾಲ ಅದು. ಕಂಕುಳಲ್ಲಿ ಅದೇ ಪ್ರಾಯದ ಹೆಣ್ಣು, ಮೈ ಕೆಂಡದ ಹಾಗೆ ಸುಡುತ್ತಿತ್ತು. ಆ ಮನೆಯ ಕೊಟ್ಟಿಗೆಯಲ್ಲೇ ಅದು ಸತ್ತಿತು. ಅಕ್ಕ ಹೋಗಿ ತನ್ನ ಕೂಸನ್ನು ಬೆಳ್ಳಿಯ ಮಡಿಲಲ್ಲಿ ಇಟ್ಟಳು, ಸತ್ತದ್ದನ್ನು ತನ್ನ ಸೀರೆಯಲ್ಲಿ ಸುತ್ತಿ ಒಳಗೆ ತಂದು ನನ್ನದು ಹೋಯಿತು ಎಂದು ಅತ್ತಳು. ಯಾರೂ ಬಟ್ಟೆ ಬಿಡಿಸಿ ನೋಡಲಿಲ್ಲ. ಎಂಟು ವರ್ಷದ ಅಮ್ಮಣ್ಣಿ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು.

ಆಮೇಲೂ ಬೆಳ್ಳಿ ಅಜ್ಜಿ ವರ್ಷಕ್ಕೊಮ್ಮೆ ಚಂದುವನ್ನು ಕರೆದುಕೊಂಡು ಬರುತ್ತಿದ್ದಳಂತೆ. ಅಕ್ಕ ಜಗುಲಿ ಇಳಿಯುತ್ತಿರಲಿಲ್ಲ. ಭತ್ತ ಮಾತ್ರ ಒಂದು ಸೇರು ಹೆಚ್ಚು ಅಳೆಯುತ್ತಿದ್ದಳು. ಏಳು ವರ್ಷ ಹಾಗೆ ನಡೆಯಿತು. ಎಂಟನೇ ವರ್ಷ ಅಕ್ಕ ಇರಲಿಲ್ಲ.

ಇಷ್ಟು ಕೇಳಿದಾಗ ಎದೆ ಸ್ವಲ್ಪ ಹಗುರವಾಗಿತ್ತು. ಅಷ್ಟರಲ್ಲಿ ಅವರು ಹೇಳಿದರು:

"ಇಪ್ಪತ್ತಾರ್ ವರ್ಷದ್ ಹಿಂದೆ ಅದ್ಕೆ ಮದಿ ಮಾಡಿತ್ ಇಲ್ಲಿ."

ಯಾರಿಗೆ ಎಂದು ಕೇಳಿದೆ.

"ನಿನ್ನ ಅಬ್ಬಿಗೆ."

ನನ್ನ ಅಮ್ಮನಿಗೆ, ಪ್ರೇತ ಮದುವೆ. ಮನೆಯಲ್ಲಿ ಗಂಡು ಮಕ್ಕಳ ಮದುವೆ ಕೂಡಿಬಾರದೆ ಪ್ರಶ್ನೆ ಇಡಿಸಿದರಂತೆ, ಕೂಸಿನಲ್ಲೇ ಸತ್ತ ಹೆಣ್ಣು ಮದುವೆ ಕೇಳುತ್ತಿದೆ ಎಂದು ಬಂತು. ಬೈಂದೂರಿನ ಕಡೆ ಮೂರು ವರ್ಷಕ್ಕೆ ಕೆರೆಗೆ ಬಿದ್ದು ಸತ್ತ ಗಂಡು ಸಿಕ್ಕಿತು. ಆಸಾಡಿ ಅಮಾವಾಸ್ಯೆಯ ಮಾರನೇ ದಿನ ಎರಡು ಮಣೆ ಇಟ್ಟು, ಒಂದರ ಮೇಲೆ ಸೀರೆ ಕುಪ್ಪಸ, ಒಂದರ ಮೇಲೆ ಪಂಚೆ ಶಲ್ಯ ಇಟ್ಟು ಕರಿಮಣಿ ಕಟ್ಟಿ, ಧಾರೆ ಎರೆದು, ಎಡೆ ಬಡಿಸಿ ಗಂಡಿನ ಮನೆಗೆ ಕಳಿಸಿದರು. ಈಗಲೂ ಆ ಬೀಗರು ವರ್ಷಕ್ಕೊಂದು ಸೀರೆ ತಂದು ಇಡುತ್ತಾರಂತೆ.

ನನ್ನ ಅಮ್ಮ ಬದುಕಿದ್ದಾಳೆಂದು ನಿಮಗೆ ಗೊತ್ತಿತ್ತಲ್ಲ ಎಂದೆ.

"ಗೊತ್ತಿತ್. ಬಾಯಿ ಬಿಟ್ರೆ ಅಕ್ಕನ್ ಸುಳ್ಳ್ ಹೊರ್ಗೆ ಬತ್ತಿತ್. ಸುಮ್ನೆ ಕೂಕಂಡ್ ಮದಿ ಊಟ ಉಂಡೆ."

ಸೊಸೆ ಮಜ್ಜಿಗೆ ತಂದಳು. ಅವಳು ಹೋಗುವ ತನಕ ಮಿಡಿಯ ಮಾತು ಆಡಿದೆವು. ಕೊನೆಗೆ ಅಮ್ಮಣ್ಣಿ ಅಮ್ಮ ತಗ್ಗಿದ ಸ್ವರದಲ್ಲಿ, ಇದು ಹೊರಗೆ ಬರುವುದು ಬೇಡ, ಮನೆಯಲ್ಲಿ ಮದುವೆ ಇದೆ ಎಂದರು. ನಿಮ್ಮ ಕಾಗದದಲ್ಲಿ ಚಂದು ಎಂದು ಹೇಗೂ ಇದೆಯಲ್ಲ, ಹಾಗೇ ಇರಲಿ ಎಂದರು. ಕೂಸನ್ನು ಹುಗಿದ ಜಾಗವನ್ನು ಕೈಯಲ್ಲೇ ತೋರಿಸಿದರು, ತೋಟದ ಆಚೆ ಒಂದು ಕಲ್ಲು, ಸಂಜೆಗೆ ಅಲ್ಲೊಂದು ದೀಪ ಇಡುತ್ತಾರೆ. ನಾನು ನೋಡಲು ಹೋಗಲಿಲ್ಲ. ಹೆದರಿಕೆ.

ಒಂದು ಚೀಲ ಮಿಡಿ ಕೊಟ್ಟರು. ಬಸ್ಸಿನಲ್ಲಿ ಮಡಿಲಲ್ಲೇ ಇಟ್ಟುಕೊಂಡು ಬಂದೆ.

20 ಏಪ್ರಿಲ್, ಶುಕ್ರವಾರ

ಅಮ್ಮನ ಫೋಟೋ ನೋಡಲಾಗುತ್ತಿಲ್ಲ. ಸತ್ತವಳೆಂದು ಧಾರೆ ಎರೆದು ಕಳಿಸಿದ ಮೇಲೂ ಇಪ್ಪತ್ತಮೂರು ವರ್ಷ ಬದುಕಿದಳು. ನನಗೆ ಎಣ್ಣೆ ಹಚ್ಚಿದಳು, ಬಾಣಂತನ ಮಾಡಿದಳು. ಮೋಕ್ಷಿ ಹುಟ್ಟಿದ್ದು ಆ ಮದುವೆಯ ಎರಡು ವರ್ಷದ ಮೇಲೆ. ಅವಳನ್ನು ಮೊದಲು ಎತ್ತಿಕೊಂಡದ್ದು ಅಮ್ಮನ ಕೈ.

ಪ್ರೇತಕ್ಕೆ ಕಟ್ಟಿದ ಕೈ. ಇದನ್ನು ಬರೆಯಬಾರದಿತ್ತು.

25 ಏಪ್ರಿಲ್, ಬುಧವಾರ

ಮೂರು ದಿನದಿಂದ ಒಂದೇ ಯೋಚನೆ. ಆ ಪ್ರೇತ ಮದುವೆಯ ದಿನ ಇಲ್ಲಿ ಅಮ್ಮನಿಗೆ ಏನಾಗಿತ್ತು? ಜ್ವರ ಬಂದಿರಬೇಕು, ತಲೆ ಸುತ್ತಿ ಬಿದ್ದಿರಬೇಕು, ಏನಾದರೂ ಆಗಿರಲೇಬೇಕು. ಆ ವರ್ಷದ ಆಸಾಡಿಯನ್ನು ಎಳೆ ಎಳೆಯಾಗಿ ಬಿಡಿಸಿದೆ. ನನ್ನ ಮದುವೆಯಾದ ಹೊಸತು, ಆಸಾಡಿಗೆಂದು ತವರಲ್ಲಿದ್ದೆ. ಮಳೆ ಜೋರು, ಕಡಲು ಕಟ್ಟಿತ್ತು, ದೋಣಿ ಇಳಿಯುತ್ತಿರಲಿಲ್ಲ. ಅಮಾವಾಸ್ಯೆಗೆ ಹಾಲೆ ಮರದ ತೊಗಟೆಯ ಕಷಾಯ ಕುಡಿದದ್ದು ನೆನಪಿದೆ. ಮಾರನೇ ದಿನ ಅಮ್ಮ ಹಲಸಿನ ಬೀಜ ಬೇಯಿಸಿದಳು. ಬೆಕ್ಕು ಒಲೆಯ ಹತ್ತಿರ ಮರಿ ಹಾಕಿದ್ದಕ್ಕೆ ಅದಕ್ಕೆ ಬೈದಳು. ಬೈದು, ಹಳೆ ಗೋಣಿ ಹಾಸಿ ಕೊಟ್ಟಳು.

ಮತ್ತೆ ಏನೂ ಇಲ್ಲ. ಎಷ್ಟು ಹುಡುಕಿದರೂ ಬೀಜ ಮತ್ತು ಬೆಕ್ಕು.

ಪ್ರೇಮಣ್ಣನ ಫೋನು. ಹೆಸರಿನ ಕಾಗದವನ್ನು ಬ್ರಹ್ಮಾವರದಲ್ಲಿ ಫ್ಲೆಕ್ಸು ಮಾಡಿಸುತ್ತಾನಂತೆ, ಬೇಗ ಕೊಡು ಎಂದ.

28 ಏಪ್ರಿಲ್, ಶನಿವಾರ

ಮೋಕ್ಷಿಗೆ ಹೇಳಿಬಿಟ್ಟೆ. ಹೇಳಬೇಕೆಂದು ಇರಲಿಲ್ಲ. ಮಿಡಿಗೆ ಉಪ್ಪು ಹಾಕುತ್ತಾ ಕೂತಿದ್ದೆ, ಹರಕೆಗೆ ಹೋದವಳು ಮಿಡಿ ಎಲ್ಲಿಂದ ತಂದೆ ಎಂದು ಅವಳು ಮತ್ತೆ ಕೇಳಿದಳು. ಹೊಟ್ಟೆಯಲ್ಲಿ ಕೂಸು ಇದ್ದವಳಿಗೆ ಇಂಥದ್ದು ಹೇಳಬಾರದು ಎಂದು ಗೊತ್ತಿದ್ದೂ ಬಾಯಿ ನಿಲ್ಲಲಿಲ್ಲ. ಕೊಟ್ಟಿಗೆ, ಸೀರೆಯಲ್ಲಿ ಸುತ್ತಿದ್ದು, ಎರಡು ಮಣೆ, ಎಲ್ಲ ಹೇಳಿದೆ. ಅವಳ ಮುಖ ನೋಡಲು ಹೆದರಿ ಭರಣಿಯನ್ನೇ ನೋಡುತ್ತಿದ್ದೆ.

ಅವಳು ಅಳಲಿಲ್ಲ. "ಅಮ್ಮ, ಆ ಕಲ್ಲಿನಡಿಯಂಗೆ ಇಪ್ಪುದ್ ಯಾರ್?" ಎಂದಳು.

ಬೆಳ್ಳಿ ಅಜ್ಜಿ ಹೆತ್ತ ಕೂಸು ಎಂದೆ.

"ಹಾಂಗಾರೆ ಮದಿ ಆದ್ದ್ ಅದ್ಕೇ. ಅಮ್ಮಮ್ಮಂಗಲ್ಲ. ಅದ್ಕೆ ದೀಪ ಇತ್, ಗಂಡ ಇದ್ದ, ವರ್ಷಕ್ಕೊಂದ್ ಸೀರೆ ಬತ್ತ್. ನನ್ನ ಗಂಡ ತಂದ್ ಕೊಡುದ್ಕಿಂತ ಹೆಚ್ಚೇ ಆಯ್ತ್."

ನಗುತ್ತಾಳೆ. ನನಗೆ ಸಿಟ್ಟು ಬಂತು. ನಿನ್ನ ಹೊಟ್ಟೆಯ ಚಿಂತೆಯಲ್ಲಿ ನನಗೆ ಊಟ ಸೇರುವುದಿಲ್ಲ, ನಿನಗೆ ತಮಾಷೆ ಎಂದೆ. ಆಗ ಅವಳು ನಗು ಬಿಟ್ಟಳು.

"ಎರ್ಡ್ ಸಲ ಹೋದದ್ ನನ್ನ ಹೊಟ್ಟೆಂದ. ನಂಗೆ ಹೆದ್ರಿಕಿ ಇಲ್ಯಾ? ಆರೆ ದಿನಾ ಬೆಳ್ಗೆ ಏಳುಕೂ ನೀನ್ ನನ್ನ ಹೊಟ್ಟೆ ಕಾಂಬುದ್ ಕಂಡ್ರೇ ಹೆಚ್ಚ್ ಹೆದ್ರಿಕಿ ಆತ್ತ್ ನಂಗೆ. ನಾಗನ್ ಕಂಡಲ್ಲ."

ಭರಣಿಯ ಬಾಯಿ ಬಟ್ಟೆ ಕಟ್ಟಿ ಒಳಗೆ ಇಟ್ಟೆ.

ಹಿತ್ತಿಲಲ್ಲಿ ಒಬ್ಬಳೇ ಕೂತಾಗ ಒಂದು ಮಾತು ತಲೆಗೆ ಹೊಕ್ಕಿತು. ಆ ಕೂಸನ್ನು ಯಾರೂ ಮರೆತಿಲ್ಲ. ಗುರುತಿಲ್ಲದವರು ಸಂಜೆ ಸಂಜೆ ದೀಪ ಇಡುತ್ತಿದ್ದಾರೆ. ಯಾರಿಗೂ ಬೇಡವಾಗಿದ್ದ ಹೆಣ್ಣು ಎಂದರಲ್ಲ ಜೋಯಿಸರು, ಅದು ಹಾಗಾದರೆ ಯಾರು? ಹೆಸರೇ ಇಡದೆ, ಮುಖವೇ ನೋಡದೆ ಬಿಟ್ಟದ್ದು ನನ್ನ ಅಮ್ಮನನ್ನು. ಸತ್ತ ಕೂಸಿನ ಹೆಸರು ಹೊದ್ದುಕೊಂಡೇ ಎಪ್ಪತ್ತೈದು ವರ್ಷ ಕಳೆದಳು. ಅವಳಿಗೆ ಇದು ಭಾರವಾಗಿತ್ತೋ ಏನೋ, ನಾನು ಒಂದು ದಿನವೂ ಕೇಳಲಿಲ್ಲ. ಹೇಳಿದ ಮೇಲೂ ಕೇಳಲಿಲ್ಲ. ಹೆದರಿ ಕೈ ಬಿಡಿಸಿಕೊಂಡು ಗಂಜಿ ತರಲು ಎದ್ದು ಹೋಗಿದ್ದೆ.

2 ಮೇ, ಬುಧವಾರ

ಏಕಾದಶಿ ಎಂದು ನೆನಪಾದದ್ದು ಮಧ್ಯಾಹ್ನ ಉಂಡ ಮೇಲೆ. ಪಂಚಾಂಗ ನೋಡಿಯೇ ಇರಲಿಲ್ಲ. ಕೈಮುಗಿದು ತಪ್ಪಾಯಿತು ಎಂದೆ.

ಬೆಳಿಗ್ಗೆ ಬನಕ್ಕೆ ಹೋಗಿ ಹಾಲೆರೆದಿದ್ದೆ. ಪಂಚಮಿ ಅಲ್ಲ, ಏನೂ ಅಲ್ಲ. ಹೋದ ಸಲದ ಬಾಕಿ. ಈ ಸಲ ಒಳಗೇ ಹೋದೆ. ನಾನು ಯಾರ ಮಗಳು ಎಂದು ಕಲ್ಲಿಗೆ ಹೇಳಿದೆ, ಸ್ವರ ಎತ್ತಿಯೇ ಹೇಳಿದೆ. ಗಾಳಿ ಸಹ ಇರಲಿಲ್ಲ.

ಬಂದು ಕಾಗದ ಬಿಚ್ಚಿದೆ. ಬೆಳ್ಳಿಯ ಕೆಳಗೆ ಇದ್ದದ್ದು ಎರಡೇ ಚೌಕ, ಮೋಕ್ಷಿಯ ಸ್ಕೇಲು ಇಟ್ಟು ಮೂರನೆಯದು ಎಳೆದೆ. ಗುಲಾಬಿ ದೊಡ್ಡಮ್ಮನದು ಇದ್ದ ಹಾಗೇ ಇದೆ. ಎರಡನೆಯದರಲ್ಲಿ ಹೀಗೆ ಬರೆದೆ: ಚಂದು. ಬೆಳ್ಳಿ ಹೆತ್ತದ್ದು. ಎರಡು ತಿಂಗಳು. ಕೆರಾಡಿಯಲ್ಲಿ ಮಣ್ಣು. ಬೈಂದೂರು ಕಡೆಗೆ ಮದುವೆಯಾಗಿದೆ. ಮೂರನೆಯದರಲ್ಲಿ: ಚಂದು. ಕೆರಾಡಿಯಲ್ಲಿ ಹುಟ್ಟಿದ್ದು. ಬೆಳ್ಳಿ ತಂದು ಸಾಕಿದ್ದು. ನಾಲ್ಕು ಹೆತ್ತಳು. ಅದರ ಕೆಳಗೆ ನನ್ನ ಹೆಸರು, ನನ್ನ ಕೆಳಗೆ ಮೋಕ್ಷಿತಾ, ಅವಳ ಕೆಳಗೆ ಒಂದು ಖಾಲಿ ಚೌಕ. ಅದನ್ನೂ ಸ್ಕೇಲು ಇಟ್ಟೇ ಎಳೆದೆ. ಮೇಲ್ಬೆಟ್ಟು ಮನೆ ಎಂದು ಮಾತ್ರ ಬರೆಯಲಿಲ್ಲ. ಅವರ ಮನೆಯ ಮಾತು ಅವರಿಗೆ ಸೇರಿದ್ದು.

ಪ್ರೇಮಣ್ಣ ಫೋನು ಮಾಡಿದಾಗ ಎಲ್ಲವನ್ನೂ ಅವನಿಗೆ ಓದಿ ಹೇಳಿದೆ. ಆಮೇಲೆ ಅವನು, ಹಾಗಾದರೆ ನಿನ್ನ ಹೆಸರು ಬೆಳ್ಳಿಯ ಕೆಳಗೆ ಬರುವುದು ಹೇಗೆ ಎಂದು ಕೇಳಿದ. ಬಂದಿದೆ, ಬರೆದಾಯಿತು ಎಂದೆ. ಹಿರಿಯರು ಒಪ್ಪಲಿಕ್ಕಿಲ್ಲ, ಪ್ರತಿಷ್ಠೆಯ ದಿನ ನಿನ್ನನ್ನು ಹಾಲೆರೆಯಲು ಬಿಡಲಿಕ್ಕಿಲ್ಲ, ಮನೆಯ ಮಾತೂ ಬರಬಹುದು ಎಂದ. ಅವನು ಬೈಯಲಿಲ್ಲ. ಅವನಿಗೂ ಹೆದರಿಕೆಯಾಗಿದೆ ಎಂದು ಸ್ವರದಲ್ಲಿ ಗೊತ್ತಾಯಿತು.

"ಇದನ್ ನಾಗನ್ ಎದ್ರಿಗೆ ಓದುಕ್ ಆತ್ತಾ ಸರೋಜಾ?"

"ಓದುಕ್ ಆಗ್ದಿದ್ರೆ ಓದ್ಬೇಡ ಅಣ್ಣ. ನಾ ಬರ್ದದ್ ಅಳ್ಸುದಿಲ್ಲೆ."

ನಾಳೆ ಕಾಗದ ಹಿಡಿದುಕೊಂಡು ಬ್ರಹ್ಮಾವರಕ್ಕೆ ಬಾ, ಹಿರಿಯರ ಜೊತೆ ಕೂತು ಒಂದು ತೀರ್ಮಾನ ಮಾಡೋಣ, ಬೇಕಾದರೆ ಬೇರೆ ಕಾಗದ ಬರೆಯೋಣ ಎಂದ.

ಮೋಕ್ಷಿ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದಳು. ನಾನು ಹೇಳಿದೆ:

"ನಾ ಬಪ್ಪುದಿಲ್ಲೆ. ನನ್ನ ಉತ್ರ ಬರ್ದ್ ಇಟ್ಟಿದೆ. ಯಾರನ್ನಾರೂ ಕಳ್ಸಿ ತಕಂಡ್ ಹೋಗ್."